ಟ್ರುಚಾಸಿನಿಂದ ಇಳಿದು ಬಂದ ಇಂಪಾಲಾ

ನಮ್ಮ ಕಣಿವೆಯಲ್ಲಿ ಹಳೇ ಕಾರಿನ ಮೂತಿಯನ್ನು ನೆಲಕ್ಕೆ ತಾಗುವಷ್ಟು ಇಳಿಸಬೇಕು ಅಂದುಕೊಂಡವರು ಮೊದಲು ಹೋಗುತ್ತಿದ್ದದ್ದು ಸೆನೈದಾ ಮಾಯೆಸ್ತಾಸಳ ಶೆಡ್ಡಿಗೆ. ಶೆಡ್ಡು ಇರುವುದು ಚಿಮಾಯೊದಲ್ಲಿ, ಅವಳ ಮನೆಯ ಹಿತ್ತಲಲ್ಲಿ, ಕಾಲುವೆಯ ಪಕ್ಕಕ್ಕೆ. ಬೋರ್ಡು ಇಲ್ಲ. ಇಂಜಿನ್ ಕೆಲಸ ಅವಳು ಒಪ್ಪಿಕೊಳ್ಳುವುದಿಲ್ಲ, ಬಣ್ಣ ಮುಟ್ಟುವುದಿಲ್ಲ. ಮುಂದಿನ ಎರಡು ಚಕ್ರ, ಅವುಗಳ ಸ್ಪ್ರಿಂಗು, ಅವನ್ನು ಕಾರಿನ ತಳದ ಚೌಕಟ್ಟಿಗೆ ಹಿಡಿದು ನಿಲ್ಲಿಸುವ ಕಬ್ಬಿಣದ ಆರ್ಮು, ಇಷ್ಟೇ ಅವಳ ರಾಜ್ಯ.

ವಿದ್ಯೆ ಬಂದದ್ದು ಅಪ್ಪನಿಂದ. ಆತನ ದವಡೆ ಒಂದು ಕಡೆಗೆ ಸೊಟ್ಟಗಿತ್ತು. ಒತ್ತಿ ಕಟ್ಟಿದ್ದ ಸ್ಪ್ರಿಂಗೊಂದು ಕೊಂಡಿ ತಪ್ಪಿ ಹಾರಿ ಬಡಿದಿತ್ತಂತೆ. ಮಗಳಿಗೆ ಆತ ಬಾಯಿಬಿಟ್ಟು ಹೆಚ್ಚೇನೂ ಕಲಿಸಲಿಲ್ಲ. ಆ ದವಡೆ ನೋಡಿಕೊಂಡೇ ಅವಳು ಹುಷಾರು ಕಲಿತಳು. ಆಮೇಲೆ ಗುಡ್ಡದ ಮೇಲಿನ ಸರ್ಕಾರಿ ಪ್ರಯೋಗಾಲಯದಲ್ಲಿ ಪೈಪು ಬೆಸೆಯುವ ಕೆಲಸಕ್ಕೆ ಸೇರಿ ಪಿಂಚಣಿ ಬರುವವರೆಗೂ ದುಡಿದಳು. ಗಂಡ ಬೇಗ ತೀರಿಹೋಗಿದ್ದ. ಒಬ್ಬಳೇ ಮಗಳು ರೊಸೆಂದಾ, ಎರಾಸ್ಮೊ ಕಿಂತಾನಾನ ಮಗನನ್ನು ಮದುವೆಯಾಗಿ ಆಲ್ಬುಕರ್ಕಿಗೆ ಹೋದಳು. ಮನೆಯಲ್ಲಿ ಉಳಿದವರು ಸೆನೈದಾ ಮತ್ತು ಅವಳ ತಾಯಿ ಕ್ಲೆಯೋಫಾಸ್. ಎಂಬತ್ತು ದಾಟಿದ ಮುದುಕಿ, ಕಿವಿ ಮಂದ, ನಾಲಗೆ ಮಾತ್ರ ಚುರುಕು.

ನಾನು ಅವಳ ಪಕ್ಕದ ಮನೆಯವಳು. ಚಿಮಾಯೊದಿಂದ ಟ್ರುಚಾಸಿಗೆ ಹತ್ತುವ ಬೆಟ್ಟದ ರಸ್ತೆಯಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದೆ. ಅವಳಿಗೆ ಕಬ್ಬಿಣ ಹೇಗೆ ಗೊತ್ತೋ ನನಗೆ ಆ ರಸ್ತೆಯ ತಿರುವುಗಳು ಹಾಗೆ ಗೊತ್ತು. ಆ ಈಸ್ಟರ್ ಭಾನುವಾರ ಎರಡೂ ಬೇಕಾಯಿತು.

ಬೀಗ ಎರಾಸ್ಮೊ ವಿದ್ಯುತ್ ಕಂಬ ಹತ್ತುವ ಕೆಲಸ ಮಾಡಿ ನಿವೃತ್ತನಾದ ಮನುಷ್ಯ. ತಲೆಗೂದಲು ಹಿಂದಕ್ಕೆ ಬಾಚಿ, ಅಂಗಿಗೆ ಇಸ್ತ್ರಿ ಹಾಕದೆ ಅಂಗಳಕ್ಕೂ ಇಳಿಯುವವನಲ್ಲ. ಅವನ ಹತ್ತಿರ ಅರವತ್ತೆರಡನೇ ಇಸವಿಯ ಇಂಪಾಲಾ ಕಾರು ಒಂದಿತ್ತು. ನೇರಳೆ ಹಣ್ಣಿನ ಬಣ್ಣ, ಒಳಗೆ ಬಿಳೀ ಸೀಟು. ಈಸ್ಟರ್ ದಿನ ಎಸ್ಪಾನ್ಯೋಲಾದ ಮುಖ್ಯ ಬೀದಿಯಲ್ಲಿ ಊರಿನ ಕಾರುಗಳೆಲ್ಲ ಮೆರವಣಿಗೆಯ ಹಾಗೆ ನಿಧಾನಕ್ಕೆ ಸಾಗುವಾಗ ತನ್ನ ಕಾರಿನ ಮೂತಿಯೇ ಎಲ್ಲರಿಗಿಂತ ಕೆಳಗಿರಬೇಕು ಅನ್ನುವುದು ಅವನ ಹಟ. ಮುಂದಿನ ಸ್ಪ್ರಿಂಗನ್ನು ಒಂದು ಸುತ್ತು ಕತ್ತರಿಸಿದರೆ ಮೂತಿಯೇನೋ ಇಳಿಯುತ್ತದೆ, ಆದರೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಅದು ನೆಟ್ಟಗೆ ನಿಲ್ಲಬೇಕಾದರೆ ಮೇಲಿನ ಆರ್ಮನ್ನು ನಡುವೆ ಕತ್ತರಿಸಿ, ಉಕ್ಕಿನ ತುಂಡು ಸೇರಿಸಿ, ಉದ್ದ ಮಾಡಿ ಬೆಸೆಯಬೇಕು. ಆ ಬೆಸುಗೆ ಬಿಟ್ಟರೆ ಚಕ್ರ ಮಡಚಿಕೊಂಡು ಬೀಳುತ್ತದೆ. ಅದಕ್ಕೇ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು.

ಲೆಂಟ್ ಉಪವಾಸದ ಕೊನೆಯ ವಾರಗಳಲ್ಲಿ ಶೆಡ್ಡಿನಲ್ಲಿ ವೆಲ್ಡಿಂಗ್ ಯಂತ್ರಕ್ಕೆ ಕರೆಂಟು ಕೊಡುವ ದೊಡ್ಡ ಪ್ಲಗ್ಗು ಸುಟ್ಟುಹೋಯಿತು. ಸರಿಮಾಡಿಕೊಡುತ್ತೇನೆ ಅಂದವನು ಎರಾಸ್ಮೊನೇ. ಆದರೆ ಈಸ್ಟರ್ ಆದ ಮೇಲೆ ಅಂದ. ಕಾರು ಮಾತ್ರ ಈಸ್ಟರಿಗೆ ಮುಂಚೆ ಬೇಕು ಅಂದ. ಸೆನೈದಾ ಅಡುಗೆಮನೆಯಿಂದ ಉದ್ದನೆಯ ತೆಳು ವೈರು ಎಳೆದು ವೆಲ್ಡಿಂಗ್ ಯಂತ್ರ ಹಚ್ಚಿದಳು. ಎರಾಸ್ಮೊ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತು, ಬೆಸುಗೆಯ ಗಂಟು ಕಾಣಬಾರದು, ಕನ್ನಡಿಯ ಹಾಗೆ ಉಜ್ಜಿ ಕೊಡಬೇಕು, ಕ್ರೋಮ್ ಲೇಪ ಹಾಕಿಸುತ್ತೇನೆ ಎಂದು ಅವಳ ತಲೆ ತಿನ್ನುತ್ತಿದ್ದ. ಅದೇ ದಿನ ವೆಲಾರ್ಡೆ ಊರಿನ ಒಬ್ಬನ ಬ್ಯೂಯಿಕ್ ಕಾರಿಗೂ ಒಂದು ಜೊತೆ ಆರ್ಮು ಹಾಗೇ ಬೆಸೆದು ಉಜ್ಜಿದಳು. ಯಂತ್ರದ ಸದ್ದು ಬೇರೆಯಾಗಿದ್ದದ್ದು ಅವಳಿಗೆ ಕೇಳಿಸಿತ್ತು ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಕೇಳಿಸಿದರೂ ಕೈ ನಿಲ್ಲಿಸಲಿಲ್ಲ.

ಈಸ್ಟರ್ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ ಎರಾಸ್ಮೊ ಅದೇ ಇಂಪಾಲಾ ತಂದು ಕ್ಲೆಯೋಫಾಸ್ ಅಜ್ಜಿಯನ್ನು ಹತ್ತಿಸಿಕೊಂಡ. ಅಜ್ಜಿಯ ತಂಗಿ ಬೆರ್ಸಾಬೆ ಇರುವುದು ಮೇಲೆ ಟ್ರುಚಾಸಿನಲ್ಲಿ. ಅಲ್ಲಿ ಊಟ ಮುಗಿಸಿ, ಬೆಟ್ಟ ಇಳಿದು, ನೇರ ಮೆರವಣಿಗೆಗೆ ಹೋಗುವುದು ಎಂದು ಮಾತಾಗಿತ್ತು. ಅಜ್ಜಿ ಹೊಸ ತಲೆವಸ್ತ್ರ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಿದ್ದಳು.

ಮಧ್ಯಾಹ್ನ ನಾನು ಒಂದು ಬಟ್ಟಲು ಕಸ್ಟರ್ಡು ತೆಗೆದುಕೊಂಡು ಸೆನೈದಾಳ ಹತ್ತಿರ ಹೋದೆ. ಹಬ್ಬದ ದಿನವೂ ಅವಳು ಶೆಡ್ಡಿನಲ್ಲೇ ಇದ್ದಳು. ಬ್ಯೂಯಿಕ್‌ನವನು ನಾಳೆ ಬರುತ್ತಾನೆ, ಅವನ ಆರ್ಮಿನ ತೂತಿಗೆ ಬುಶ್ಶು ಹೊಡೆದಿಟ್ಟು ಕೈ ತೊಳೆದುಕೊಳ್ಳುತ್ತೇನೆ ಅಂದಳು. ಆರ್ಮನ್ನು ಮೇಜಿನ ಮೇಲಿನ ವೈಸಿನ ದವಡೆಗೆ ಕಚ್ಚಿಸಿ ಸುತ್ತಿಗೆಯಿಂದ ಬಡಿದಳು. ಇನ್ನೊಂದು ಏಟು ಹಾಕಿದಳು. ಆರ್ಮಿನ ಅರ್ಧ ಕಳಚಿ ನೆಲಕ್ಕೆ ಬಿತ್ತು.

ಅವಳು ಅದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ನಾನೂ ನೋಡಿದೆ. ಮೇಲೆ ಮಾತ್ರ ತೆಳ್ಳಗೆ ಹೊಳೆಯುವ ಒಂದು ಪದರ. ಒಳಗೆಲ್ಲ ಹಳೇ ಕಬ್ಬಿಣದ ಕಪ್ಪು ಹಾಗೇ ಇತ್ತು. ಕಬ್ಬಿಣ ಕಬ್ಬಿಣವನ್ನು ಕಚ್ಚಿಯೇ ಇರಲಿಲ್ಲ.

"ವೈರು," ಅಂದಳು. "ತೆಳು ವೈರು. ಕರೆಂಟು ಸಾಲದೆ ಕಾವೇ ಏರಿಲ್ಲ. ನಾನು ಉಜ್ಜಿ ಉಜ್ಜಿ ಮೇಲಿದ್ದದ್ದನ್ನೂ ತೆಗೆದುಬಿಟ್ಟೆ."

ಇಂಪಾಲಾದಲ್ಲೂ ಇದೇನಾ ಎಂದು ನಾನು ಕೇಳಿದೆ. ಅವಳು ಆಗಲೇ ಫೋನು ಹುಡುಕುತ್ತಿದ್ದಳು.

ಎರಾಸ್ಮೊನಿಗೆ ಫೋನು ಹೋಗಲೇ ಇಲ್ಲ. ಬೆಟ್ಟದ ಮೇಲೆ ಸಿಗ್ನಲ್ ಸಿಗುವುದಿಲ್ಲ. ಬೆರ್ಸಾಬೆಯ ಮನೆಯಲ್ಲಿ ಗೋಡೆಗೆ ಹಾಕಿದ ಹಳೇ ಫೋನಿದೆ. ಅದು ಬಹಳ ಹೊತ್ತು ಹೊಡೆದುಕೊಂಡ ಮೇಲೆ ಮುದುಕಿ ಎತ್ತಿದಳು. ಈಗ ತಾನೇ ಕಾರು ಹತ್ತಿದರು, ಗೇಟಿನ ಹತ್ತಿರ ಇದ್ದಾರೆ, ನಿಮ್ಮಮ್ಮ ನನ್ನ ಬಿಸ್ಕೋಚಿತೊ ಬಿಸ್ಕತ್ತಿನ ಡಬ್ಬಿಯನ್ನೇ ಎತ್ತಿಕೊಂಡು ಹೋದಳು ಎಂದು ದೂರು ಹೇಳತೊಡಗಿದಳು.

"ಚಿಕ್ಕಮ್ಮ, ಅವರನ್ನ ನಿಲ್ಸಿ. ಓಡಿ. ಕಾರು ಮುಂದಕ್ಕೆ ಹೋಗಬಾರದು."

ರಿಸೀವರ್ ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಕೋಲು ಊರಿಕೊಂಡು ಹೋಗುವ ಸದ್ದು. ಬಾಗಿಲು. ಒಂದು ನಾಯಿ ಬೊಗಳಿತು. ಸೆನೈದಾ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಕೋಲಿನ ಸದ್ದು ವಾಪಸ್ಸು ಬಂತು, ಅದೇ ನಿಧಾನದಲ್ಲಿ.

"ಹೋಗ್ಬಿಟ್ರು ಮಗಳೇ. ಕೈ ಬೀಸ್ದೆ. ಅವಳೂ ಕೈ ಬೀಸಿದ್ಳು."

ಪೊಲೀಸರಿಗೆ ಹೇಳೋಣವೇ ಅಂದೆ. ಅವರು ಎಸ್ಪಾನ್ಯೋಲಾದಿಂದ ಬರುವಷ್ಟರಲ್ಲಿ ಕಾರು ಇಳಿಜಾರು ಮುಗಿಸಿರುತ್ತದೆ, ಇಲ್ಲವೇ ಕಂದಕದಲ್ಲಿರುತ್ತದೆ ಅಂದಳು. ಆ ಮಾತನ್ನು ಲೆಕ್ಕ ಹೇಳುವವಳ ಹಾಗೆ ಅಂದಳು. ಆಮೇಲೆ ಟ್ರಕ್ಕಿನ ಕಡೆ ನಡೆದಳು. ನಾನು ಕಸ್ಟರ್ಡಿನ ಬಟ್ಟಲನ್ನು ವೈಸಿನ ಪಕ್ಕಕ್ಕಿಟ್ಟು ಹಿಂದೆ ಓಡಿದೆ.

ಚಿಮಾಯೊ ಬಿಟ್ಟ ಮೇಲೆ ರಸ್ತೆ ಬೋಳು ದಿಣ್ಣೆಯ ಬೆನ್ನು ಹಿಡಿದು ಹತ್ತುತ್ತದೆ. ಎರಡೂ ಕಡೆ ನೆಲ ಕುಸಿದುಹೋಗಿದೆ. ಕೆಲವು ಕಡೆ ತಡೆಬೇಲಿ ಇದೆ, ಕೆಲವು ಕಡೆ ಅಲ್ಲಿ ಬಿದ್ದು ಸತ್ತವರ ನೆನಪಿನ ಶಿಲುಬೆಗಳು ಮಾತ್ರ, ಪ್ಲಾಸ್ಟಿಕ್ ಹೂವಿನ ಸಮೇತ. ಸೆನೈದಾಳ ಹಳೇ ಟ್ರಕ್ಕು ಏದುಸಿರು ಬಿಡುತ್ತ ಏರುತ್ತಿತ್ತು.

"ಕಂಡ ಕೂಡ್ಲೆ ಲೈಟ್ ಹಾಕು, ಹಾರ್ನ್ ಹೊಡಿ. ನಾನು ಕಿಟಕಿಯಿಂದ ಕೈ ತೋರಿಸ್ತೀನಿ," ಅಂದೆ.

"ಬೇಡ."

"ಮತ್ತೆ ಹೆಂಗೆ ನಿಲ್ಸೋದು?"

"ಎದುರಿಗೆ ನಮ್ಮನ್ನ ನೋಡಿದ್ರೆ ಏನು ಮಾಡ್ತಾನೆ ಹೇಳು. ಗಾಬರಿಯಾಗಿ ಬ್ರೇಕ್ ತುಳಿತಾನೆ. ಇಳಿಜಾರಲ್ಲಿ ಬ್ರೇಕ್ ತುಳಿದ್ರೆ ಇಡೀ ಕಾರಿನ ಭಾರ ಬಂದು ಕೂರೋದು ಅದೇ ಆರ್ಮಿನ ಮೇಲೆ. ನಾವೇ ಮುರಿದ ಹಾಗಾಗುತ್ತೆ."

ಆ ಗಳಿಗೆಯವರೆಗೂ ನಾನು, ಹೋಗಿ ಹೇಳಿದರೆ ಮುಗಿಯಿತು ಅಂದುಕೊಂಡಿದ್ದೆ. ಹೇಳುವುದೇ ಅಪಾಯ ಅಂತ ಹೊಳೆದಿರಲಿಲ್ಲ.

ಅವನು ಬ್ರೇಕ್ ತುಳಿಯದೆ ತಾನಾಗಿ ನಿಲ್ಲುವಂಥ ಜಾಗ ಯಾವುದಾದರೂ ಇದೆಯಾ ಎಂದು ಅವಳು ಕೇಳಿದಳು. ನಾನು ಮನಸ್ಸಿನಲ್ಲೇ ಬಸ್ಸನ್ನು ಕೆಳಗಿಳಿಸುತ್ತ ಬಂದೆ. ಇತ್ತು. ಕುಂದಿಯೊ ಊರಿನ ಕಡೆಗೆ ಒಡೆಯುವ ದಾರಿಯಿಂದ ಕೆಳಗೆ ಮೂರು ತಿರುವು ದಾಟಿದರೆ ರಸ್ತೆ ಒಂದು ತಗ್ಗಿಗಿಳಿದು ಮತ್ತೆ ಸಣ್ಣ ದಿಬ್ಬ ಏರುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟಿದಾಗ ನಾನು ಬಸ್ಸು ನಿಲ್ಲಿಸುತ್ತಿದ್ದದ್ದು ಅಲ್ಲೇ. ಪಕ್ಕದಲ್ಲಿ ಅಗಲವಾದ ಜಲ್ಲಿಯ ಜಾಗವಿದೆ.

"ಹಂಗಾದ್ರೆ ಅವನ ಮುಂದೆ ಹೋಗಬೇಕು," ಅಂದಳು. "ಮುಂದೆ ಇದ್ಕೊಂಡು ನಿಧಾನ ಮಾಡ್ಬೇಕು. ಅವನಿಗೆ ಗೊತ್ತೇ ಆಗದ ಹಾಗೆ."

ಕುಂದಿಯೊ ತಿರುವಿನಲ್ಲಿ ಟ್ರಕ್ಕನ್ನು ತಿರುಗಿಸಿ, ಮೂತಿ ಕೆಳಕ್ಕೆ ಮಾಡಿ, ಇಂಜಿನ್ ಚಾಲೂ ಇಟ್ಟು ಕಾದೆವು. ಆ ಕಾಯುವಿಕೆಯ ಬಗ್ಗೆ ಹೇಳುವುದು ಕಷ್ಟ. ಕೆಳಗಿನಿಂದ ಬರುವಾಗ ಅವನು ನಮಗೆ ಎದುರಾಗಿರಲಿಲ್ಲ, ಆದ್ದರಿಂದ ಇನ್ನೂ ಮೇಲೇ ಇರಬೇಕು. ಆದರೆ ರಸ್ತೆಯ ಮೇಲೆ ಇದ್ದಾನೋ ಇಲ್ಲವೋ ಯಾರಿಗೆ ಗೊತ್ತು. ಮೇಲಿನ ತಿರುವಿನಿಂದ ಒಂದು ಬಿಳೀ ವ್ಯಾನು ಬಂತು. ಆಮೇಲೆ ಇಬ್ಬರು ಸೈಕಲ್ಲಿನವರು. ಆಮೇಲೆ ಏನೂ ಇಲ್ಲ. ಸೆನೈದಾ ಸ್ಟಿಯರಿಂಗಿನ ಮೇಲೆ ಹೆಬ್ಬೆರಳು ಉಜ್ಜುತ್ತಿದ್ದಳು. ಅವಳ ಉಗುರಿನೊಳಗೆ ಇನ್ನೂ ಗ್ರೀಸು ಇತ್ತು.

ನೇರಳೆ ಬಣ್ಣ ತಿರುವಿನಲ್ಲಿ ಕಾಣಿಸಿತು.

ಮೂತಿ ನೆಲ ಸವರಿಕೊಂಡು, ಬಿಸಿಲಿಗೆ ಹೊಳೆಯುತ್ತ, ನಿಧಾನವಾಗಿ ಇಳಿದು ಬರುತ್ತಿತ್ತು. ಎರಾಸ್ಮೊನ ಮೊಣಕೈ ಕಿಟಕಿಯ ಮೇಲಿತ್ತು. ಪಕ್ಕದಲ್ಲಿ ಅಜ್ಜಿಯ ತಲೆವಸ್ತ್ರ ಕಂಡಿತು. ನಿಧಾನಕ್ಕೆ ಓಡಿಸುವುದೇ ಆ ಕಾರುಗಳ ಗತ್ತು. ಅವತ್ತು ಆ ಗತ್ತು ಅವರ ಜೀವ ಹಿಡಿದುಕೊಂಡಿತ್ತು. ಆದರೆ ಅವನ ಬಾಲಕ್ಕೇ ಹೊರ ಊರಿನ ದೊಡ್ಡ ಕಾರೊಂದು ಅಂಟಿಕೊಂಡು, ದಾರಿ ಬಿಡು ಎಂದು ಹಾರ್ನು ಹೊಡೆಯುತ್ತಿತ್ತು.

ಅವನು ಹತ್ತಿರ ಬರುವ ಮುಂಚೆಯೇ ಸೆನೈದಾ ಟ್ರಕ್ಕನ್ನು ರಸ್ತೆಗಿಳಿಸಿದಳು. ಮುಂದೆ ಅವಳು, ಹಿಂದೆ ಅವನು. ಕ್ಲಚ್ಚು ಒತ್ತಿ ಗೇರು ಕೆಳಕ್ಕೆ ಹಾಕಿದಳು. ಟ್ರಕ್ಕು ನರಳಿ ನಿಧಾನವಾಯಿತು. ಬ್ರೇಕಿನ ಮೇಲೆ ಕಾಲೇ ಇಡಲಿಲ್ಲ. ಯಾಕೆಂದು ಕೇಳುವ ಮುಂಚೆಯೇ ಹೇಳಿದಳು, ಬ್ರೇಕ್ ಮುಟ್ಟಿದರೆ ಹಿಂದೆ ಕೆಂಪು ದೀಪ ಹೊತ್ತುತ್ತೆ, ಅದನ್ನು ನೋಡಿದರೆ ಅವನ ಕಾಲು ತಾನಾಗೇ ತುಳಿಯುತ್ತೆ ಎಂದು.

ಮೊದಲ ತಿರುವು ಎಡಕ್ಕೆ. ಕನ್ನಡಿಯಲ್ಲಿ ಎರಾಸ್ಮೊ ನಮ್ಮನ್ನು ಗುರುತು ಹಿಡಿದದ್ದು ಕಂಡಿತು. ಹಲ್ಲು ಕಿರಿದು ತನ್ನ ಹಾರ್ನು ಬಾರಿಸಿದ. ಬೀಗಿತ್ತಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಿರಬೇಕು. ಸೆನೈದಾ ಕಿಟಕಿಯಿಂದ ಕೈ ಹೊರಹಾಕಿ, ಅಂಗೈ ಕೆಳಗೆ ಮಾಡಿ, ಮಗುವಿನ ಬೆನ್ನು ತಟ್ಟುವ ಹಾಗೆ ಗಾಳಿಯನ್ನು ಮೆಲ್ಲಗೆ ತಟ್ಟಿದಳು. ಅವನೂ ಕೈ ಹೊರಹಾಕಿ ಹಾಗೇ ತಟ್ಟಿ ತೋರಿಸಿದ.

ಎರಡನೇ ತಿರುವಿಗೆ ಮುಂಚೆ ಹಿಂದಿನ ದೊಡ್ಡ ಕಾರಿನವನಿಗೆ ತಾಳ್ಮೆ ಕೆಟ್ಟಿತು. ಎರಾಸ್ಮೊನನ್ನು ದಾಟಲು ಹೊರಬಂದ. ಎದುರಿನಿಂದ ಒಂದು ಪಿಕಪ್ ಬರುತ್ತಿತ್ತು. ಅವನು ದಾಟಿಯೂ ದಾಟದೆ ಇಂಪಾಲಾಕ್ಕೂ ನಮ್ಮ ಟ್ರಕ್ಕಿಗೂ ನಡುವೆ ನುಗ್ಗಲು ನೋಡಿದ. ಎರಾಸ್ಮೊ ಅಂಚಿಗೆ ಸರಿದ, ಬಲಗಡೆಯ ಚಕ್ರ ಡಾಂಬರು ಬಿಟ್ಟು ಕೆಳಗಿಳಿದು ಧೂಳೆಬ್ಬಿಸಿತು. ಅಲ್ಲಿ ತಡೆಬೇಲಿ ಇರಲಿಲ್ಲ. ನಾನು ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಸೆನೈದಾ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ತುಳೀಬೇಡ," ಅಂದಳು, ಎರಾಸ್ಮೊನಿಗೆ ಕೇಳಿಸುತ್ತದೆ ಅನ್ನುವ ಹಾಗೆ, ತೀರಾ ಮೆತ್ತಗೆ. "ತುಳೀಬೇಡಪ್ಪಾ."

ಅವನು ತುಳಿಯಲಿಲ್ಲ. ಚಕ್ರ ಮತ್ತೆ ಡಾಂಬರಿಗೆ ಹತ್ತಿತು. ದೊಡ್ಡ ಕಾರು ನಮ್ಮನ್ನೂ ದಾಟಿ ಹೊರಟುಹೋಯಿತು. ಇಂಪಾಲಾ ಮಾತ್ರ ಈಗ ನೆಟ್ಟಗೆ ಬರುತ್ತಿರಲಿಲ್ಲ, ಎಡಕ್ಕೆ ಎಳೆಯುತ್ತಿತ್ತು. ಎರಾಸ್ಮೊ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ನಗು ಹೋಗಿತ್ತು. ಸೆನೈದಾ ಇನ್ನೊಮ್ಮೆ ಗಾಳಿ ತಟ್ಟಿದಳು. ಈ ಸಲ ಅವನು ತಿರುಗಿ ತಟ್ಟಲಿಲ್ಲ, ತಲೆಯಾಡಿಸಿದ.

ಮೂರನೇ ತಿರುವನ್ನು ನಾವು ಮನುಷ್ಯ ಓಡುವ ವೇಗದಲ್ಲಿ ದಾಟಿದೆವು. ತಗ್ಗು ಬಂತು. ದಿಬ್ಬ ಬಂತು. ಟ್ರಕ್ಕು ಏರಿ ಮುಂದೆ ಹೋಗಿ ನಿಂತಿತು. ಹಿಂದೆ ಇಂಪಾಲಾ ಏರಿನಲ್ಲಿ ಉಸಿರು ಕಳೆದುಕೊಂಡು, ನಿಧಾನವಾಗಿ, ಇನ್ನೂ ನಿಧಾನವಾಗಿ ಬಂತು. ಎರಾಸ್ಮೊ ಜಲ್ಲಿಯ ಕಡೆ ಸ್ಟಿಯರಿಂಗ್ ತಿರುಗಿಸಿದ.

ಆಗ ಆ ಸದ್ದು ಕೇಳಿಸಿತು. ದೊಡ್ಡದೇನಲ್ಲ, ಒಣ ಕಟ್ಟಿಗೆಯನ್ನು ಮೊಣಕಾಲಿಗೆ ಹಚ್ಚಿ ಮುರಿದಷ್ಟೇ. ಎಡಗಡೆಯ ಚಕ್ರದ ತಲೆ ಹೊರಕ್ಕೆ ಮಲಗಿತು, ಕಾರಿನ ಆ ಮೂಲೆ ಕುಸಿದು ಜಲ್ಲಿಯ ಮೇಲೆ ಕೂತಿತು, ಒಂದು ಗಜ ಉಜ್ಜಿಕೊಂಡು ಹೋಗಿ ನಿಂತಿತು.

ಸೆನೈದಾ ಮೊದಲು ತಾಯಿಯ ಬಾಗಿಲು ತೆರೆದಳು. ಕ್ಲೆಯೋಫಾಸ್ ಅಜ್ಜಿಯ ಮಡಿಲ ತುಂಬ ಬಿಸ್ಕೋಚಿತೊ ಪುಡಿ ಚೆಲ್ಲಿತ್ತು.

"ಲೇ ಸೆನೈದಾ, ಹಿಂಗಾ ಓಡ್ಸೋದು? ಆಮೆ ಮುಂದೆ ಹೋದಂಗೆ ಹೋಗ್ತಿದ್ದೆ. ಇವನು ಎಷ್ಟು ಚೆನ್ನಾಗಿ ಬರ್ತಿದ್ದ."

ಮಗಳು ತಾಯಿಯ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ನಾನು ಅಜ್ಜಿಯನ್ನು ಟ್ರಕ್ಕಿಗೆ ಕರೆದುಕೊಂಡು ಹೋಗಿ ಕೂರಿಸಿದೆ.

ಎರಾಸ್ಮೊ ಇಳಿದು ಬಂದು ಮೊದಲು ಕಾರಿನ ಬಣ್ಣ ಎಲ್ಲಿ ಕೆರೆದಿದೆ ಎಂದು ಬಗ್ಗಿ ನೋಡಿದ. ಆಮೇಲೆ ಮಲಗಿದ ಚಕ್ರವನ್ನು ನೋಡಿದ. ಆಮೇಲೆ ತಲೆಯೆತ್ತಿ, ಬಂದ ದಾರಿಯನ್ನು, ಮೂರು ತಿರುವುಗಳನ್ನು, ಅವುಗಳ ಕೆಳಗಿನ ಖಾಲಿಯನ್ನು ನೋಡಿದ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟ.

"ತಪ್ಪು ನಂದು," ಅಂದಳು ಸೆನೈದಾ. "ಬೆಸುಗೆ ಕಚ್ಚಿಲ್ಲ. ಅವತ್ತೇ ನನಗೆ ಗೊತ್ತಾಗಬೇಕಿತ್ತು."

ಕಾರನ್ನು ಹೊತ್ತೊಯ್ಯುವ ಲಾರಿ ಬರುವವರೆಗೂ ಅವನು ಅಲ್ಲೇ ಕೂತಿದ್ದ.

ಅವನ ಬಾಯಿಂದ ಮಾತು ಬಂದದ್ದು ಆ ವಾರದ ಕೊನೆಗೆ. ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ನಿಮ್ಮ ಕೈ ನಂಬಿ ಮುದುಕಿಯನ್ನು ಕೂರಿಸಿಕೊಂಡು ಹೋದೆ ಅಂದ. ಬೇಲಿಯ ಈಚೆಗಿದ್ದ ನನಗೂ ಕೇಳಿಸಿತು. ಪ್ಲಗ್ಗಿನ ಮಾತನ್ನು ಅವಳು ಎತ್ತಬಹುದಿತ್ತು. ಎತ್ತಲಿಲ್ಲ. ಅವನು ಹೋದ ಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ವೈರು ಎಳೆದಿದ್ದು ಅವನ ಕೈ ಅಲ್ವಲ್ಲ, ವಿಯೋಲಾ," ಅಂದಳು.

ಬ್ಯೂಯಿಕ್‌ನವನನ್ನು ಕರೆದು ಎರಡು ತುಂಡನ್ನೂ ಕೈಗೆ ಕೊಟ್ಟು ನಡೆದದ್ದನ್ನು ಹೇಳಿದಳು. ಅವನು ಬೇರೆ ಕಡೆ ಹೋದ. ಕಾರು ಸಂಘದವರು ಸೇರಿದ್ದ ಕಡೆ ಸೆನೈದಾ ತಾನಾಗಿ ಹೋಗಿ, ಎಲ್ಲರ ಮುಂದೆ ನಿಂತು, ಪ್ಲಗ್ಗು ಸುಟ್ಟ ಮೇಲೆ ತನ್ನಲ್ಲಿ ಕೆಲಸ ಮಾಡಿಸಿದವರು ಕಾರು ಹೊರಗೆ ತೆಗೆಯಬೇಡಿ ಅಂದಳು. ಅಂಥವರು ಇನ್ನೊಬ್ಬರು ಮಾತ್ರ ಇದ್ದರು. ಆದರೂ ಆ ಬೇಸಿಗೆ ಶೆಡ್ಡಿಗೆ ಯಾರೂ ಬರಲಿಲ್ಲ. ಹಿಂದಿನ ವರ್ಷ ಸಾಲು ನಿಂತಿದ್ದವರು ಅಂಗಡಿಯಲ್ಲಿ ಎದುರಾದರೆ ಟೊಮ್ಯಾಟೊ ಆರಿಸುವುದರಲ್ಲಿ ಮಗ್ನರಾದರು. ಅವಳು ದಿನವೂ ಶೆಡ್ಡು ತೆರೆದು, ಗುಜರಿ ಕಬ್ಬಿಣ ಬೆಸೆದು, ಕತ್ತರಿಸಿ, ಒಳಗೆ ನೋಡಿ, ಎಸೆಯುತ್ತಿದ್ದಳು. ಮಗಳು ರೊಸೆಂದಾ ಎರಡು ಮನೆಯ ನಡುವೆ ಸಿಕ್ಕಿ ಹಬ್ಬಕ್ಕೆ ಎಲ್ಲಿಗೆ ಬರಬೇಕೋ ತಿಳಿಯದೆ ಎಲ್ಲಿಗೂ ಬರಲಿಲ್ಲ.

ಗಂಟು ಬಿಚ್ಚಿದವಳು ಅಜ್ಜಿ. ಬೆಳೆ ಕೊಯ್ಲಿನ ಹೊತ್ತಿಗೆ ಎರಾಸ್ಮೊನ ಮನೆಗೆ ಫೋನು ಮಾಡಿಸಿ, ನನಗೆ ಕಿವಿ ಕೇಳಿಸಲ್ಲ, ನೀನು ಏನು ಹೇಳಿದರೂ ಪ್ರಯೋಜನವಿಲ್ಲ, ನಾಳೆ ಬಂದು ಪೊಸೋಲೆ ಸಾರು ಉಂಡು ಹೋಗು ಅಂದು ಇಟ್ಟುಬಿಟ್ಟಳು. ಅವನು ಬಂದ. ದಪ್ಪ ವೈರಿನ ಸುರುಳಿಯೂ ಅವನ ಜೊತೆ ಬಂತು. ಊಟಕ್ಕೆ ಮುಂಚೆ ಶೆಡ್ಡಿಗೆ ಹೊಸ ಲೈನು ಎಳೆದ. ಸೆನೈದಾ ಏಣಿ ಹಿಡಿದುಕೊಂಡಳು.

"ಈಸ್ಟರಿಗೆ ಮುಂಚೆ ಮಾಡ್ಬೇಕಿತ್ತು," ಅಂದ ಅವನು, ಏಣಿಯ ಮೇಲಿಂದ.

"ಹೌದು ಬೀಗರೇ," ಅಂದಳು ಅವಳು.

ಚಳಿಗಾಲದಲ್ಲಿ ಅವಳು ಇಂಪಾಲಾದ ಆರ್ಮುಗಳನ್ನು ಮತ್ತೆ ಹೊಸದಾಗಿ ಮಾಡಿದಳು. ಬೆಸುಗೆಯ ಗಂಟು ದಪ್ಪಗೆ, ಮರದ ಬೊಡ್ಡೆಯ ಹಾಗೆ ಕಾಣುತ್ತದೆ. ಉಜ್ಜಿ ಕೊಡಲು ಈಗ ಅವಳು ಒಪ್ಪುವುದಿಲ್ಲ. ಹೊಳಪು ಬೇಕಾದವರು ಬೇರೆ ಕಡೆ ಹೋಗುತ್ತಾರೆ, ಹೋದವರಲ್ಲಿ ಅರ್ಧ ಜನ ವಾಪಸ್ಸು ಬರುತ್ತಾರೆ. ಹಿಂದಿನಷ್ಟು ಕೆಲಸ ಇಲ್ಲ. ಇದ್ದಷ್ಟು ಸಾಕು ಅನ್ನುತ್ತಾಳೆ, ಆದರೆ ಹಾಗೆ ಅನ್ನುವಾಗ ನನ್ನ ಮುಖ ನೋಡುವುದಿಲ್ಲ.

ಎರಾಸ್ಮೊ ಕಾರನ್ನು ಊರೊಳಗೆ ಮೆರೆಸುತ್ತಾನೆ, ಬೆಟ್ಟ ಹತ್ತಿಸುವುದಿಲ್ಲ. ಬೆರ್ಸಾಬೆಯ ಮನೆಗೆ ಈಗ ಮೂವರೂ ಸೆನೈದಾಳ ಟ್ರಕ್ಕಿನಲ್ಲಿ ಹೋಗುತ್ತಾರೆ. ಅಜ್ಜಿ ನಡುವೆ ಕೂತು, ಸೀಟು ಗಟ್ಟಿ, ಕಿಟಕಿ ದೂರ, ನನ್ನನ್ನು ಕುರಿಯ ಹಾಗೆ ತುರುಕಿದ್ದೀರಿ ಎಂದು ದಾರಿಯುದ್ದಕ್ಕೂ ಬೈಯುತ್ತಾಳೆ. ಇಳಿಯುವಾಗ ಆ ತಿರುವುಗಳಲ್ಲಿ ಉಳಿದಿಬ್ಬರೂ ಮಾತಾಡುವುದಿಲ್ಲವಂತೆ. ಚಿಮಾಯೊದ ಮೊದಲ ಮನೆ ಕಂಡ ಮೇಲೆ ಎರಾಸ್ಮೊ ಗಂಟಲು ಸರಿಮಾಡಿಕೊಂಡು ಯಾವುದಾದರೂ ಹಾಡು ಗುನುಗಲು ಶುರುಮಾಡುತ್ತಾನಂತೆ.